ಎರಡನೆಯ ದರ್ಜೆಯ ನೀಲಿ

ಸ್ಟೋಕ್-ಆನ್-ಟ್ರೆಂಟ್. ಗುರುವಾರ ಬೆಳಿಗ್ಗೆ.
ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಹೀಟರು ಕೆಟ್ಟಿದೆ.
ಕೋಟು ತೊಟ್ಟೇ ಡ್ರಾಯರು ಎಳೆದೆ:
ಹತ್ತಿಯ ಹಾಸಿನ ಮೇಲೆ ಅಂಗೈಯಗಲ ಬಿಲ್ಲೆ,
ನೀಲಿ, ಬಿಳಿ, ಮೂಲೆಯಲ್ಲಿ ಮುರಿದ ಹಳದಿ ಎಲೆ.
ಚೀಟಿಯಲ್ಲಿ ಇಷ್ಟೇ: ಬೀದರ್. ಸುಲ್ತಾನರ ಗೋರಿ.
ಕೊಟ್ಟವರು, ಒಬ್ಬ ಕರ್ನಲ್ಲನ ವಿಧವೆ.
ಊರಿನ ಹೆಸರಿಗೆ ಒಂದಕ್ಷರ ಹೆಚ್ಚಾಗಿತ್ತು.
ತಿದ್ದಲು ಕೈ ಬರಲಿಲ್ಲ.

ಐರಿಸ್ ಬ್ಲೂರ್‌ಗೆ ಎಪ್ಪತ್ತೆಂಟು. ಸ್ವಯಂಸೇವಕಿ ಎಂದು ಬ್ಯಾಡ್ಜು.
ಹದಿನೈದಕ್ಕೇ ಟೈಲ್ಸ್ ಕಾರ್ಖಾನೆ ಸೇರಿ ನಲವತ್ತು ವರ್ಷ
ಗೂಡಿನಿಂದ ಇಳಿದ ಬಿಲ್ಲೆಗಳನ್ನು ಆರಿಸಿದವಳು:
ಇದು ಮೊದಲ ದರ್ಜೆ, ಇದು ಎರಡನೆಯದು, ಇದು ತಿಪ್ಪೆಗೆ.
ಕನ್ನಡಕ ಹಣೆಗೇರಿಸಿ, ದೀಪ ಓರೆ ಹಿಡಿದು,
ಗವಸಿನ ಬೆರಳಿಂದ ಒಮ್ಮೆ ತಟ್ಟಿ
ಸಂತೆಯಲ್ಲಿ ಗಡಿಗೆಗೆ ಕಿವಿಗೊಡುವಂತೆ ಕಿವಿಗೊಟ್ಟು
"ಸೆಕೆಂಡ್ಸ್," ಎಂದಳು.
"ನೋಡು, ಸೂಜಿ ಚುಚ್ಚಿದಂಥ ತೂತು.
ಇಲ್ಲಿ ಮೆರುಗು ಹಿಂಜರಿದು ಮಣ್ಣು ಬತ್ತಲೆ.
ಗೂಡಿನ ಬಾಯಿಗೇ ಇಟ್ಟಿದ್ದಾರೆ, ಬೂದಿ ಹಾರಿದೆ.
ಪಾಪ, ಅರಸನ ಗೋರಿಗೂ
ಸೆಕೆಂಡ್ಸ್ ಸಾಗಹಾಕಿದ್ದಾರೆ!"

ನಗು ಬಂತು. ಆಮೇಲೆ ಸ್ವಲ್ಪ ಸಿಟ್ಟು.
ಅರಸ ನಮ್ಮವನೇನಲ್ಲ. ಊರು ನಮ್ಮದು.

ಅಷ್ಟೂರಿಗೆ ಹೋದದ್ದು ಐದನೇ ಇಯತ್ತೆಯಲ್ಲಿ,
ಎರಡು ಟಂಟಂ ತುಂಬ ಹುಡುಗಿಯರು, ಓಢಣಿಯಲ್ಲಿ ಸೀತಾಫಲ.
ಸಾಲಾಗಿ ನಿಂತ ಗುಮ್ಮಟಗಳು. ಒಂದಕ್ಕೆ ಸಿಡಿಲು ಬಡಿದು
ಅರ್ಧ ಉದುರಿ, ಉಳಿದರ್ಧದಲ್ಲಿ
ಗೋಡೆಯ ದಪ್ಪ ಕಾಣುತ್ತಿತ್ತು, ಸೀಳಿದ ಹಣ್ಣಿನ ಸಿಪ್ಪೆಯ ಹಾಗೆ.
ಇನ್ನೊಂದರೊಳಗೆ ಕಾವಲಿನ ಮಷಾಕಸಾಬ್
ಬಾಗಿಲ ಬಿಸಿಲಿಗೆ ಕನ್ನಡಿ ಹಿಡಿದು
ಬೆಳಕಿನ ರೊಟ್ಟಿಯೊಂದನ್ನು ಗೋಡೆಗೆ ಎಸೆಯುತ್ತಿದ್ದ:
ಇಲ್ಲಿ ಬಳ್ಳಿ, ಇಲ್ಲಿ ಅಕ್ಷರ, ಇಲ್ಲಿ ನಕ್ಷತ್ರ,
"ಲಗು ನೋಡ್ರವ್ವಾ, ಬಿಸಿಲ ಸರೀಲತ್ತದ."
ಚೌಕ ಕೋಣೆ ದುಂಡಾಗುವ ಜಾಗಕ್ಕೆ,
ನಾಲ್ಕು ಮೂಲೆ ಎಂಟಾಗಿ, ಎಂಟು ಹದಿನಾರಾಗಿ
ಗುಮ್ಮಟವನ್ನು ಹೆಗಲಿಗೆತ್ತಿಕೊಳ್ಳುವ ಆ ಕತ್ತಲಿಗೆ
ಅವನ ಬೆಳಕು ಏರಲಿಲ್ಲ.
ಬಾವಲಿ ಮಾತ್ರ ಕದಲಿದವು.

ಅಲ್ಲೇ ಇದ್ದಿರಬೇಕು ಇದು, ಎಂದೆ. ಮೇಲೆ,
ಯಾರ ಕತ್ತೂ ಅಷ್ಟು ಹೊರಳದ ಕಡೆ.
ಕಣ್ಣಳತೆಗೆ ಒಳ್ಳೆಯವು, ಎತ್ತರಕ್ಕೆ ಇಂಥವು.
ಮೇಸ್ತ್ರಿಗೆ ಗೊತ್ತಿತ್ತು, ಅರಸನ ಮಗ ಏಣಿ ಹತ್ತುವುದಿಲ್ಲ.
ಐರಿಸ್ ತಲೆದೂಗಿದಳು: "ನಾವೂ ಹಾಗೇ.
ಈಜುಕೊಳಗಳಿಗೆ, ನೀರಿನ ಗೆರೆಯ ಕೆಳಗೆಲ್ಲ ಸೆಕೆಂಡ್ಸ್."

ಮಗುಚಿದೆವು.
ಬೆನ್ನಿಗಂಟಿದ ಬೆಲ್ಲದ ಬಣ್ಣದ ಗಾರೆ. ಅದರಲ್ಲಿ ಹೆಬ್ಬೆರಳಿನ ಗುಳಿ,
ಒಣಗುವ ಮೊದಲು ಯಾರೋ ಅದುಮಿದ್ದು.
ಪಕ್ಕದಲ್ಲಿ ಕಡ್ಡಿಯಿಂದ ಕೊರೆದ ಮೂರು ಗೀಟು, ಒಂದು ಚುಕ್ಕೆ.
ಸಾಲಿನ ಸಂಖ್ಯೆಯೋ, ಹರಕೆಯೋ, ಹೆಸರೋ.
"ಕೂಲಿ," ಎಂದಳು ಐರಿಸ್, ಅನುಮಾನವೇ ಇಲ್ಲದೆ.
"ನನ್ನದು ಒಂದು ಕೊಕ್ಕೆ, ಎರಡು ಗೀಟು.
ಶುಕ್ರವಾರ ಎಣಿಸಿ ಕೊಡುತ್ತಿದ್ದರು. ಸೆಕೆಂಡ್ಸಿಗೆ ಅರ್ಧ."

ಗಾರೆ ಕೆರೆದು ಬೆನ್ನು ಚಪ್ಪಟೆ ಮಾಡಿ ಎಂದು
ಮೇಲಿನಿಂದ ಸೂಚನೆ ಬಂದಿತ್ತು. ನೋಡುವವರಿಗೆ ಮುಖ ಸಾಕಲ್ಲ.
ಚಾಕು ಎತ್ತಲಿಲ್ಲ. ಕೆರೆದರೆ ಬಿಲ್ಲೆ ಒಡೆದೀತು ಎಂದು ಬರೆದೆ.
ಅರ್ಧ ಸುಳ್ಳು.
ಅಳತೆ, ತೂಕ, ಬಣ್ಣ ತುಂಬಿ
'ಮಾಡಿದವರು' ಎಂಬ ಕಾಲಮ್ಮಿಗೆ ಬಂದು ಸುಮ್ಮನೆ ಕೂತೆ.

ನಾಲ್ಕಕ್ಕೇ ಕತ್ತಲು. ಐರಿಸ್ ಮನೆಯಲ್ಲಿ ಚಹಾ.
ಅವಳ ಬಚ್ಚಲು ನೆಲದಿಂದ ಸೂರಿನ ತನಕ ನೀಲಿ,
ಒಂದರ ನೀಲಿ ಇನ್ನೊಂದಕ್ಕಿಲ್ಲ.
ಗಂಡ ಡೆರೆಕ್ ಊಟದ ಚೀಲದಲ್ಲಿ
ಮೂರು ಚಳಿಗಾಲ ಹೊತ್ತು ತಂದದ್ದಂತೆ.
"ಅವನು ಹೋಗಿ ಹನ್ನೊಂದು ವರ್ಷ. ಒಂದೂ ಕಿತ್ತುಬಂದಿಲ್ಲ."
ಬಲ್ಬು ಮಿಣುಕಿ ಆರಿತು.
ಕೈಚೀಲದ ಪುಟ್ಟ ಕನ್ನಡಿ ತೆಗೆದು
ಪಡಸಾಲೆಯ ದೀಪವನ್ನು ಒಳಕ್ಕೆ ತಿರುಗಿಸಿದೆ.
ಬೆಳಕು ನಲ್ಲಿ ದಾಟಿ, ಟವೆಲ್ಲು ದಾಟಿ
ಮೂಲೆ ಹತ್ತತೊಡಗಿತು.
"ಏನು ಹುಡುಕ್ತಿದ್ದೀ?"
"ಲಗು ನೋಡವ್ವಾ," ಎಂದೆ, ಕನ್ನಡದಲ್ಲೇ.